ಒಂಬತ್ತು ಗಂಟೆಗೆ ಮುಗಿಯೋ ಹರಾಜು: ಮೈಸೂರು-ಮಂಡ್ಯ ಕಾಮಿಕ್ಸ್ ಗ್ರೂಪಿನ ಒಂದು ಪ್ರಕರಣ

ಹಳೇ ಕಾಮಿಕ್ಸ್ ಕೂಡಿಡೋರು ಜಗಳ ಆಡೋದು ರೇಟಿಗೆ ಅಂತ ಹೊರಗಿನೋರು ಅಂದ್ಕೋತಾರೆ. ಈ ಪ್ರಕರಣದಲ್ಲಿ ರೇಟಿನ ವಿಷಯಕ್ಕೆ ಶುರುನಲ್ಲಿ ಯಾರೂ ಗಂಟಲು ಏರಿಸ್ಲಿಲ್ಲ. ಹರಾಜು ಎಷ್ಟೊತ್ತಿಗೆ ಮುಗೀಬೇಕು, ಯಾರು ಎಷ್ಟು ಕೂಗಿದಾರೆ ಅನ್ನೋದು ಯಾರಿಗೆ ಕಾಣ್ಬೇಕು, ಈ ಎರಡೇ ಪ್ರಶ್ನೆಗೆ ವರ್ಷಗಟ್ಟಲೆ ಒಟ್ಟಿಗೆ ಕಾಫಿ ಕುಡಿದೋರು ಮಾತು ಬಿಡೋ ಹಂತಕ್ಕೆ ಹೋದ್ರು. ಯಾರ ಹೆಸರೂ ಹಾಕ್ತಿಲ್ಲ, ಎಲ್ಲರೂ ಇನ್ನೂ ಅದೇ ಗ್ರೂಪಲ್ಲಿದಾರೆ, ಇರ್ಬೇಕು ಅಂತ ನನ್ನ ಆಸೆ ಕೂಡ.

ಗ್ರೂಪು ವಾಟ್ಸಾಪಿಂದು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ ಕಡೆಯವರು ಜಾಸ್ತಿ. ರಿಟೈರ್ ಆದ ಮೇಷ್ಟ್ರುಗಳು, ಬ್ಯಾಂಕಲ್ಲಿದ್ದೋರು, ಹೂಟಗಳ್ಳಿ ಕಡೆ ಫ್ಯಾಕ್ಟರೀಲಿ ಶಿಫ್ಟ್ ಮಾಡೋ ಹುಡುಗ್ರು, ಬೆಲ್ಲದ ಮಂಡಿ ಮನೆತನದ ಒಬ್ರು. ಇವರಲ್ಲಿ ಹಳಬರು ಕೆಲವರು ಮುಂಚೆ ಇಬೇ ಇಂಡಿಯಾ ಅನ್ನೋ ಆನ್‌ಲೈನ್ ಹರಾಜಿನ ಸೈಟಲ್ಲಿ ಕೊಳ್ತಿದ್ರು, 2018ರ ಆಗಸ್ಟಲ್ಲಿ ಅದು ಮುಚ್ಚಿದ ಮೇಲೆ ಈ ಕಡೆ ಬಂದ್ರು.

ಕೊಳ್ಳೋದು ಮುಖ್ಯವಾಗಿ ಇಂದ್ರಜಾಲ ಕಾಮಿಕ್ಸ್ ಮತ್ತೆ ಅಮರ ಚಿತ್ರ ಕಥೆ. ಇಂದ್ರಜಾಲ 1964ರ ಮಾರ್ಚಲ್ಲಿ ಶುರುವಾಗಿ 1990ರಲ್ಲಿ ನಿಂತೋಯ್ತು, ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್, 1976ರಿಂದ ಆಬಿದ್ ಸುರತಿ ಅವರ ಬಹಾದೂರ್, ಇವರೇ ಅದರ ಹೀರೋಗಳು. ಕನ್ನಡದಲ್ಲೂ ಬರ್ತಿತ್ತು, ಆದ್ರೆ ಕನ್ನಡದ ಪ್ರತಿ ಕೈಗೆ ಸಿಗೋದು ಬಹಳ ಕಷ್ಟ. ತೆಳು ಪೇಪರು, ಪಿನ್ನಿಗೆ ತುಕ್ಕು ಹಿಡಿದ್ರೆ ನಡು ಹಾಳೆ ಕಿತ್ಕೊಂಡು ಬರುತ್ತೆ, ಓದಿದ ಮೇಲೆ ಮನೆಯವರು ರದ್ದಿಗೆ ತೂಕಕ್ಕೆ ಹಾಕಿರ್ತಾರೆ. ಬಾಡಿಗೆ ಲೈಬ್ರರಿಗಳಲ್ಲಿ ಉಳಿದಿದ್ದು ಹತ್ತು ಹದಿನೈದು ಬುಕ್ಕು ಸೇರಿಸಿ ದಾರ ಹಾಕಿ ಹೊಲಿದು ಅಂಚು ಕತ್ತರಿಸಿರೋ ಬೈಂಡು. ಹಾಗಾಗಿ ಬೈಂಡ್ ಆಗ್ದೇ ಇರೋ ಬಿಡಿ ಪ್ರತಿ, ಕವರ್ ಸಮೇತ, ಲೈಬ್ರರಿ ಸೀಲ್ ಇಲ್ದೇ ಸಿಕ್ಕಿದ್ರೆ ಅವತ್ತು ಗ್ರೂಪಲ್ಲಿ ಯಾರಿಗೂ ನಿದ್ದೆ ಇಲ್ಲ.

ಇನ್ನೊಂದು ವಿಷಯ ಗೊತ್ತಿರ್ಬೇಕು, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. ಇವರು ಕೂಡಿಡೋದು ನಂಬರ್ ಪ್ರಕಾರ. ಒಂದರಿಂದ ಕೊನೇವರೆಗೂ ಸಾಲು ತುಂಬ್ಬೇಕು. ಇಂಗ್ಲಿಷ್ ಇಂದ್ರಜಾಲದಲ್ಲಿ 123, 124 ಮುಷ್ಕರದಿಂದ ಅಚ್ಚೇ ಆಗ್ಲಿಲ್ಲ, ಹೊಸಬರು ಅದನ್ನೂ ಹುಡುಕ್ತಾ ಅಲೀತಾರೆ. ಅಮರ ಚಿತ್ರ ಕಥೆ ಇಂಗ್ಲಿಷಲ್ಲಿ 11ರಿಂದ ಶುರುವಾಗುತ್ತೆ, ಮೊದಲ ಹತ್ತು ಬಂದಿದ್ದು ಕನ್ನಡದಲ್ಲಿ, ವಿದೇಶದ ಕಥೆಗಳು. ಇದು ನಮ್ಮೋರಿಗೆ ದೊಡ್ಡ ಹೆಮ್ಮೆ. ಯಾರ ಸಾಲಲ್ಲಿ ಯಾವ ನಂಬರ್ ಖಾಲಿ ಇದೆ ಅಂತ ಗ್ರೂಪಲ್ಲಿ ಒಬ್ಬರಿಗೊಬ್ಬರಿಗೆ ಬಾಯಿಪಾಠ. ಈ ಬಾಯಿಪಾಠವೇ ಆಮೇಲೆ ತೊಂದ್ರೆಗೆ ಬಂತು.

ಹರಾಜು ಭಾನುವಾರ. ಮಧ್ಯಾಹ್ನ ಅಡ್ಮಿನ್ ಫೋಟೋ ಹಾಕ್ತಾರೆ, ಒಂದೊಂದು ಬುಕ್ಕಿಗೂ ಕವರ್ರು, ಹಿಂಬದಿ, ಪಿನ್ನು, ನಡು ಹಾಳೆ. ಆ ಫೋಟೋಗೆ ರಿಪ್ಲೈ ಮಾಡಿ ಮೊತ್ತ ಹಾಕ್ಬೇಕು. ರಾತ್ರಿ ಒಂಬತ್ತಕ್ಕೆ ಕ್ಲೋಸು. ಬಹಳ ವರ್ಷ ಹಿಂಗೇ ನಡೀತು, ದೊಡ್ಡ ಗಲಾಟೆ ಇರ್ಲಿಲ್ಲ, ಯಾಕಂದ್ರೆ ಬರ್ತಿದ್ದಿದ್ದು ಸಾಧಾರಣ ಮಾಲು.

ಆಮೇಲೆ ಮಂಡ್ಯದ ಒಂದು ಪೆಟ್ಟಿಗೆ ಬಂತು. ಸಕ್ಕರೆ ಕಾರ್ಖಾನೇಲಿ ಕೆಲಸ ಮಾಡಿ ತೀರ್ಕೊಂಡ ಒಬ್ಬರು ಚಿಕ್ಕ ವಯಸ್ಸಿಂದ ಕೂಡಿಟ್ಟಿದ್ದ ಕನ್ನಡ ಇಂದ್ರಜಾಲ, ಒಂದೂ ಬೈಂಡ್ ಮಾಡ್ಸಿರ್ಲಿಲ್ಲ, ಬೇವಿನ ಎಲೆ ಹಾಕಿ ಟ್ರಂಕಲ್ಲಿ ಇಟ್ಟಿದ್ರು. ಮನೆಯಲ್ಲಿರೋದು ಅವರ ಹೆಂಡ್ತಿ, ಮಗಳು ಬೆಂಗಳೂರಲ್ಲಿ. ಮಾರ್ಬೇಕು, ಮೋಸ ಆಗ್ಬಾರ್ದು, ಇಷ್ಟೇ ಅವರು ಕೇಳಿದ್ದು. ಎಲ್ಲಾ ಒಂದೇ ಸಲ ಬೇಡ ಅಂತ ಮೂರು ಕಂತು ಮಾಡಿ ಮೂರು ಭಾನುವಾರಕ್ಕೆ ಇಟ್ಟಿದ್ದು ಅಡ್ಮಿನ್‌ಗಳು.

ಮೊದಲನೇ ಭಾನುವಾರ ಹಳೇ ರೂಲ್ಸು. ಸಂಜೆಯೆಲ್ಲ ಮುನ್ನೂರು, ಮುನ್ನೂರೈವತ್ತು ಅಂತ ನಿಧಾನಕ್ಕೆ ನಡೀತು, ಎಂಟೂ ಐವತ್ತೈದಾದ್ಮೇಲೆ ಫೋನು ಕೈಯಲ್ಲಿ ನಿಲ್ಲದಷ್ಟು ಮೆಸೇಜು. ಒಂದು ಬುಕ್ಕಿಗೆ ಕುವೆಂಪುನಗರದ ಮೇಷ್ಟ್ರು 1,250 ಹಾಕಿದ್ರು, ಫ್ಯಾಕ್ಟರಿ ಹುಡುಗ 1,300 ಹಾಕಿದ, ಮೇಷ್ಟ್ರು 1,500. ಮೇಷ್ಟ್ರು ಮೆಸೇಜಿನ ಮೇಲೆ ಟೈಮು 9:00 ಅಂತ ಬಿತ್ತು. ಒಂಬತ್ತು ಅಂದ್ರೆ ಒಳಗಾ ಹೊರಗಾ? ವಾಟ್ಸಾಪಲ್ಲಿ ಗಂಟೆ ನಿಮಿಷ ಅಷ್ಟೇ ಕಾಣೋದು, ಸೆಕೆಂಡ್ ಕಾಣಲ್ಲ. ಇನ್ನೂ ಚರ್ಚೆ ನಡೀತಿರುವಾಗ ಯಾರೋ ನೋಡಿದ್ರು, ಹುಡುಗನ 1,300 ಈಗ 1,800 ಆಗಿದೆ, ಪಕ್ಕದಲ್ಲಿ ಎಡಿಟೆಡ್ ಅಂತ ಇದೆ, ಟೈಮು ಮಾತ್ರ ಅದೇ 8:59. 2023ರ ಮೇ ತಿಂಗಳಲ್ಲಿ ಕಳ್ಸಿದ ಮೆಸೇಜನ್ನ 15 ನಿಮಿಷದೊಳಗೆ ತಿದ್ದೋ ಸೌಲಭ್ಯ ಬಂತಲ್ಲ, ಅದು. ತಿದ್ದಿದ್ರೆ ಹಳೇದು ಏನಿತ್ತು ಅಂತ ಉಳಿದೋರಿಗೆ ಕಾಣಲ್ಲ, ಮೂಲ ಟೈಮೇ ಇರುತ್ತೆ. ಇದು ಆ್ಯಪಿನ ತಪ್ಪಲ್ಲ, ಮಾತಾಡೋಕೆ ಅಂತ ಮಾಡಿದ್ದರಲ್ಲಿ ನಾವು ಹರಾಜು ಹಾಕ್ತಿದೀವಿ ಅಷ್ಟೇ. ಹುಡುಗ ಹೇಳಿದ್ದು, 1,800 ಟೈಪ್ ಮಾಡಕ್ಕೆ ಹೋಗಿ ಅವಸರದಲ್ಲಿ 1,300 ಆಯ್ತು, ತಕ್ಷಣ ಸರಿ ಮಾಡಿದೆ, ಎಂಟಿಗೂ ಮೂರಕ್ಕೂ ಕೀಬೋರ್ಡಲ್ಲಿ ಎಷ್ಟು ದೂರ ಅಂತ ಕೇಳ್ಬೇಡಿ ಸಾರ್ ಕೈ ನಡುಗ್ತಿತ್ತು ಅಂತ. ನಾನು ಅವನ್ನ ನಂಬ್ತೀನಿ. ನಂಬದೇ ಇರೋರೂ ಇದ್ರು, ಅವರನ್ನೂ ತಪ್ಪು ಅನ್ನಕ್ಕಾಗಲ್ಲ, ನೋಡಕ್ಕೆ ಸಾಕ್ಷಿಯೇ ಇಲ್ವಲ್ಲ.

ಅವತ್ತು ಬುಕ್ಕು ಮೇಷ್ಟ್ರಿಗೆ 1,500ಕ್ಕೆ ಕೊಟ್ರು. ಹುಡುಗ ಎರಡು ದಿನ ಗ್ರೂಪಲ್ಲಿ ಮಾತಾಡ್ಲಿಲ್ಲ.

ಈ ಕೊನೇ ನಿಮಿಷದ ನುಗ್ಗಾಟ ನಮ್ಮೂರಿನ ಬುದ್ಧಿ ಅಂತ ಬೈಕೊಳ್ಳೋರಿಗೆ ಒಂದು ಮಾತು. ಎಲ್ಲಿ ಗಡಿಯಾರ ನೋಡಿ ಹರಾಜು ಮುಗಿಸ್ತಾರೋ ಅಲ್ಲೆಲ್ಲ ಇದು ಇದ್ದಿದ್ದೇ. ಆಲ್ವಿನ್ ರಾಥ್, ಆಕ್ಸೆಲ್ ಓಕೆನ್‌ಫೆಲ್ಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಇದರ ಮೇಲೇ ಪ್ರಬಂಧ ಬರೆದ್ರು. ಆಗ ಇಬೇದಲ್ಲಿ ಟೈಮ್ ಆಯ್ತಂದ್ರೆ ಮುಗೀತು, ಅಮೆಜಾನ್ ಅವಾಗ ನಡೆಸ್ತಿದ್ದ ಹರಾಜಲ್ಲಿ ಕೊನೇಲಿ ಯಾರಾದ್ರೂ ಬಿಡ್ ಹಾಕಿದ್ರೆ ಇನ್ನೂ 10 ನಿಮಿಷ ಮುಂದೆ ಹೋಗ್ತಿತ್ತು. ಕೊನೇ ಗಳಿಗೇಲಿ ನುಗ್ಗೋದು ಇಬೇದಲ್ಲಿ ತುಂಬಾ ಜಾಸ್ತಿ ಇತ್ತು. ಅದರಲ್ಲೂ ಕಂಪ್ಯೂಟರಿಗಿಂತ ಹಳೇ ಕಾಲದ ವಸ್ತುಗಳಿಗೆ ಇನ್ನೂ ಜಾಸ್ತಿ. ಕಾರಣ ನಮಗೆ ಅನುಭವದಲ್ಲೇ ಗೊತ್ತು: ಮಾಲು ಗೊತ್ತಿರೋ ಮನುಷ್ಯ ಬೇಗ ಬಿಡ್ ಹಾಕಿದ್ರೆ ಇದು ಒಳ್ಳೇ ಮಾಲು ಅಂತ ಎಲ್ಲರಿಗೂ ಪುಕ್ಕಟೆ ಹೇಳ್ಕೊಟ್ಟಂಗೆ. ಮೇಷ್ಟ್ರು ಎಂಟೂ ಮುಕ್ಕಾಲರವರೆಗೂ ಸುಮ್ನಿರ್ತಿದ್ದಿದ್ದು ಇದಕ್ಕೇ, ಅವರು ಒಂದು ಬುಕ್ಕಿಗೆ ಕೈ ಹಾಕಿದ್ರೆ ನಾಲ್ಕು ಜನ ಹಿಂದೆ ಬರ್ತಾರೆ.

ಎರಡನೇ ಭಾನುವಾರಕ್ಕೆ ಅಡ್ಮಿನ್ ರೂಲ್ಸ್ ಬದಲಾಯಿಸಿದ್ರು. ಒಂಬತ್ತು ಅನ್ನೋದು ಬರೀ ಶುರು, ಕೊನೇ ಬಿಡ್ ಆಗಿ ಐದು ನಿಮಿಷ ಯಾರೂ ಕೂಗ್ಲಿಲ್ಲ ಅಂದ್ರೆ ಮಾತ್ರ ಕ್ಲೋಸು. ತಿದ್ದಿದ ಬಿಡ್ ಲೆಕ್ಕಕ್ಕಿಲ್ಲ.

ಇದಕ್ಕೆ ಬಂದ ವಿರೋಧ ನೋಡಿ ನನಗೆ ಆಶ್ಚರ್ಯ ಆಯ್ತು. ಇದೇನು ಹೊಸದಲ್ಲ. ಊರಲ್ಲಿ ದೇವಸ್ಥಾನದ ಹುಣಸೆ ಮರ ಹರಾಜು ಹಾಕುವಾಗ, ಚೀಟಿ ಕೂಗುವಾಗ, ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಅಂತ ಕೇಳ್ತಾರೆ, ಮೂರನೇ ಸಲ ಅನ್ನೋದ್ರೊಳಗೆ ಯಾರಾದ್ರೂ ಬಾಯಿ ಬಿಟ್ರೆ ಮತ್ತೆ ಒಂದರಿಂದ ಶುರು. ಗಡಿಯಾರ ನೋಡಿ ನಿಲ್ಸೋದೇ ಇಂಟರ್ನೆಟ್ಟಿನ ಪದ್ಧತಿ, ನಮ್ಮದು ಮುಂಚಿಂದ್ಲೂ ಬಾಯಿ ನಿಂತಾಗ ನಿಲ್ಲೋ ಹರಾಜು. ಆದ್ರೂ ಹಳಬರಿಗೇ ಇದು ಹಿಡಿಸ್ಲಿಲ್ಲ.

ಹಿಡಿಸ್ದೇ ಇರೋಕೆ ಕಾರಣ ಇತ್ತು. ಅವತ್ತು ಹರಾಜು ಹನ್ನೊಂದೂವರೆ ದಾಟ್ತು. ಇಬ್ಬರು ಹತ್ತತ್ತು ರೂಪಾಯಿ ಏರಿಸ್ತಾ ಒಂದು ಬುಕ್ಕಿಗೆ ಗಂಟೆಗಟ್ಟಲೆ ಎಳೆದ್ರು. ಊಟಕ್ಕೆ ಕೂರಕ್ಕಾಗ್ದೇ ಮನೇಲಿ ಬೈಸ್ಕೊಂಡೋರು, ಬೆಳಿಗ್ಗೆ ಆರಕ್ಕೆ ಶಿಫ್ಟ್ ಇರೋರು, ಮಾತ್ರೆ ತಗೊಂಡು ಮಲಗೋ ವಯಸ್ಸಾದೋರು, ಇವರೆಲ್ಲ ಹೇಳಿದ್ದು ಒಂದೇ, ಮುಂಚೆ ಸಿಗ್ನಲ್ ಚೆನ್ನಾಗಿರೋನು ಗೆಲ್ತಿದ್ದ ಈಗ ನಿದ್ದೆ ಬಿಡೋನು ಗೆಲ್ತಾನೆ ಅಂತ. ಮೊದಲನೇದಕ್ಕಿಂತ ಎರಡನೇದು ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ, ನಿದ್ದೆ ಬಿಡೋನು ಬಿಡೋದು ಆ ಬುಕ್ಕು ಬೇಕು ಅಂತ, ಸಿಗ್ನಲ್ಲಿಗೂ ಬುಕ್ಕಿನ ಮೇಲಿನ ಆಸೆಗೂ ಏನೂ ಸಂಬಂಧ ಇಲ್ಲ. ಹತ್ತು ರೂಪಾಯಿ ಏರ್ಸೋ ಕಾಟಕ್ಕೆ ಔಷಧಿ ಸುಲಭ ಇತ್ತು, ಒಂದ್ಸಲಕ್ಕೆ ಕಮ್ಮಿ ಅಂದ್ರೆ ಐವತ್ತು ಏರಿಸ್ಬೇಕು ಅಂದಿದ್ರೆ ಮುಗೀತಿತ್ತು. ಆದ್ರೆ ಆ ರಾತ್ರಿ ಯಾರೂ ಅಷ್ಟು ಸಮಾಧಾನದಲ್ಲಿ ಇರ್ಲಿಲ್ಲ.

ಮೂರನೇ ಭಾನುವಾರಕ್ಕೆ ಮಂಡಿ ಮನೆಯವರು ಒಂದು ಸಲಹೆ ಕೊಟ್ರು. "ಎಪಿಎಂಸೀಲಿ ಈಗ ಎಲ್ಲಿ ಕೂಗ್ತಾರೆ ಸಾರ್, ಅವ್ರವ್ರ ರೇಟು ಕಂಪ್ಯೂಟ್ರಿಗೆ ಹಾಕ್ತರೆ, ಟೈಮ್ ಆದ್ಮೇಲೆ ಓಪನ್ ಆಯ್ತದೆ, ಯಾರ್ದು ಜಾಸ್ತಿನೋ ಅವ್ರಿಗೆ. ಜಗಳ ಎಲ್ಲದೆ ಹೇಳಿ?" ಅವರು ಹೇಳಿದ್ದು ನಿಜ, ಕರ್ನಾಟಕದ ಮಾರುಕಟ್ಟೆಗಳಲ್ಲಿ 2014ರಿಂದ ಇ-ಟೆಂಡರ್ ಬರ್ತಾ ಬಂತು, ವರ್ತಕರು ಒಬ್ಬರ ರೇಟು ಒಬ್ಬರಿಗೆ ಗೊತ್ತಾಗ್ದಂಗೆ ಹಾಕ್ತಾರೆ. ಸರಿ ಅಂತ ಅಡ್ಮಿನ್ ಪರ್ಸನಲ್ ನಂಬರಿಗೆ ಒಂಬತ್ತರೊಳಗೆ ಒಬ್ಬೊಬ್ಬರು ಒಂದೇ ಸಲ ಮೊತ್ತ ಕಳ್ಸೋದು ಅಂತ ಆಯ್ತು. ಒಂಬತ್ತೂ ಕಾಲಿಗೆ ರಿಸಲ್ಟು. ಎಲ್ಲರೂ ಊಟ ಮಾಡಿದ್ರು, ಎಲ್ಲರೂ ಮಲಗಿದ್ರು.

ಮಾರನೇ ದಿನ ಬೆಳಿಗ್ಗೆ ಗ್ರೂಪಲ್ಲಿ ಎದ್ದಿದ್ದು ಹಿಂದಿನ ಎರಡೂ ವಾರಕ್ಕಿಂತ ದೊಡ್ಡ ಬೆಂಕಿ. ಮೇಷ್ಟ್ರು ತಮ್ಮ ಸಾಲಲ್ಲಿ ಖಾಲಿ ಇದ್ದ ಒಂದು ನಂಬರಿಗೆ ಹೋದ್ರೆ ಹೋಗ್ಲಿ ಅಂತ 4,200 ಹಾಕಿದ್ರು, ಎರಡನೇ ಬಿಡ್ ಬರೀ 1,900. ಎರಡು ಸಾವಿರಕ್ಕೆ ಬರ್ತಿದ್ದ ಬುಕ್ಕಿಗೆ ನಾಲ್ಕು ಸಾವಿರ ಕೊಟ್ಟೆ ಅಂತ ಅವರಿಗೆ ಸಂಕಟ. ಇನ್ನೊಬ್ರಿಗೆ ಐವತ್ತು ರೂಪಾಯೀಲಿ ಕೈ ತಪ್ತು, ಗೊತ್ತಿದ್ರೆ ಇನ್ನೂರು ಜಾಸ್ತಿ ಹಾಕ್ತಿದ್ದೆ ಅಂತ ಅವರು. ಮತ್ತೆ ಎಲ್ಲರಿಗೂ ಹೊಳೆದ ಆದ್ರೆ ಯಾರೂ ಬಾಯಿ ಬಿಟ್ಟು ಹೇಳದ ವಿಷಯ: ಅಡ್ಮಿನ್ ಕೂಡ ಕಲೆಕ್ಟರೇ, ಅವರೂ ಎರಡು ಬುಕ್ಕು ಗೆದ್ದಿದ್ರು. ಅವರು ಪ್ರಾಮಾಣಿಕರು, ನನಗೆ ಅದರಲ್ಲಿ ಎಳ್ಳಷ್ಟೂ ಸಂಶಯ ಇಲ್ಲ. ಆದ್ರೆ ಎಲ್ಲರ ರೇಟು ನೋಡ್ತಾ ಕೂತಿರೋ ಮನುಷ್ಯನೇ ಬಿಡ್ ಹಾಕೋದು ಅಂದ್ರೆ ಎಷ್ಟೇ ಪ್ರಾಮಾಣಿಕರಾದ್ರೂ ಅದು ನಿಲ್ಲೋ ವ್ಯವಸ್ಥೆ ಅಲ್ಲ.

ಆಗ ಒಬ್ರು, ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡಿದೋರು, ಇನ್ನೊಂದು ದಾರಿ ಹೇಳಿದ್ರು. ಗುಟ್ಟಾಗೇ ಹಾಕೋಣ, ಗೆದ್ದೋರು ಎರಡನೇ ಬಿಡ್ಡಿನ ಮೊತ್ತ ಕೊಡ್ಲಿ. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞರು 1961ರಲ್ಲಿ ಇದರ ಬಗ್ಗೆ ಬರೆದ್ರು, 1996ರಲ್ಲಿ ನೊಬೆಲ್ ಬಂತು. ನನಗೆ ಖುಷಿಯಾಗಿದ್ದು ಅವರು ಹೇಳಿದ ಇನ್ನೊಂದು ವಿಷಯ, ಅಮೆರಿಕದಲ್ಲಿ ಅಂಚೆಚೀಟಿ ಕೂಡಿಡೋರು 1893ರಷ್ಟು ಹಿಂದೆಯೇ ಅಂಚೆ ಮೂಲಕ ಇಂಥ ಹರಾಜು ನಡೆಸಿದ್ರಂತೆ. ಅಂದ್ರೆ ನಮ್ಮಂಥ ಹವ್ಯಾಸಿಗಳೇ ಮೊದ್ಲು ಕಂಡ್ಕೊಂಡಿದ್ದು, ಪ್ರೊಫೆಸರ್‌ಗಳು ಆಮೇಲೆ. ಇಬೇದಲ್ಲಿ ನಮ್ಮ ಮ್ಯಾಕ್ಸಿಮಮ್ ಹಾಕಿಟ್ರೆ ಎರಡನೆಯವರಿಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೇ ಕಟ್ಟಾಗೋದೂ ಇದೇ ಲೆಕ್ಕ. ಲೆಕ್ಕ ಸರಿ ಇದೆ, ಗ್ರೂಪಿಗೆ ಮಾತ್ರ ಗಂಟಲಲ್ಲಿ ಇಳೀಲಿಲ್ಲ. ನಾಲ್ಕು ಸಾವಿರ ಕೊಡ್ತೀನಿ ಅಂದೋನಿಗೆ ಎರಡು ಸಾವಿರಕ್ಕೆ ಯಾಕೆ ಕೊಡ್ಬೇಕು ಅಂತ ಮಾರೋರ ಕಡೆಯಿಂದ ಕೇಳಿದ್ರೆ, ನನ್ನ ಮೊತ್ತ ನೋಡಿ ಯಾರೋ ಬೇಕಂತ 3,900ರ ಎರಡನೇ ಬಿಡ್ ಸೃಷ್ಟಿ ಮಾಡಿದ್ರೆ ಅಂತ ಕೊಳ್ಳೋರ ಕಡೆಯಿಂದ. ಬಿಡ್ ಹಿಡ್ಕೊಳ್ಳೋರ ಮೇಲೆ ಪೂರ್ತಿ ನಂಬಿಕೆ ಇದ್ರೆ ಮಾತ್ರ ನಡೆಯೋ ಪದ್ಧತಿ ಅದು.

ಲೈವ್ ವೀಡಿಯೋ ಹರಾಜು ಮಾಡೋಣ ಅಂತಾನೂ ಮಾತು ಬಂತು, ಅಮೆರಿಕದಲ್ಲಿ ಈಗ ಅದರ ಭರಾಟೆ. ಕ್ಯಾಮೆರಾ ಮುಂದೆ ಅರ್ಧ ನಿಮಿಷ ಹಿಡಿದ್ರೆ ಪಿನ್ನು ನಡು ಹಾಳೆ ಯಾರಿಗೂ ಕಾಣಲ್ಲ ಅಂತ ಅಲ್ಲೇ ಕೈಬಿಟ್ವಿ.

ಇಷ್ಟಾಗಿದ್ರೆ ಇದು ಬರೀ ರೂಲ್ಸಿನ ಕಥೆ ಆಗಿರ್ತಿತ್ತು, ನಾನು ಬರೆಯೋಕೂ ಕೂರ್ತಿರ್ಲಿಲ್ಲ. ಮೂರೂ ಕಂತಿನ ದುಡ್ಡು ಮಂಡ್ಯದ ಮನೆಗೆ ಹೋಗಿ ಕೊಟ್ಟಾಗ ಆ ಅಮ್ಮ ಲೆಕ್ಕದ ಚೀಟಿ ನೋಡಿ ಕೇಳಿದ್ರಂತೆ, "ಎಲ್ಲಾ ಒಂದೇ ಪೆಟ್ಗೇಲಿದ್ದ ಬುಕ್ಕಲ್ವಾ, ಮೊದ್ಲು ಮಾರಿದ್ದಕ್ಕೆ ಯಾಕಪ್ಪ ಅಷ್ಟ್ ಕಮ್ಮಿ ಬಂತು?" ಅಡ್ಮಿನ್ ಏನೋ ಸಮಾಧಾನ ಹೇಳಿದ್ರು. ಮಗಳು ಬಿಡ್ಲಿಲ್ಲ, ಮೂರೂ ವಾರದ ಚಾಟ್ ಕಳ್ಸಿ ಅಂತ ತರಿಸ್ಕೊಂಡು ಓದಿದ್ರು. ಮೊದಲನೇ ವಾರದ್ದರಲ್ಲಿ ಅಲ್ಲಲ್ಲಿ ಇತ್ತು: "ಸಾರ್ ಇದು ನಿಮ್ಗೆ ಬಿಟ್ಟಿದೀನಿ", "ಈ ನಂಬರ್ ನಿಮ್ದೇ ತಗೊಳಿ ನಾವು ಬರಲ್ಲ", "ಥ್ಯಾಂಕ್ಸ್ ಗುರೂ ಮುಂದಿನದು ನಿಂದು".

ಯಾರ ಸಾಲಲ್ಲಿ ಏನು ಖಾಲಿ ಅನ್ನೋದು ಬಾಯಿಪಾಠ ಅಂದ್ನಲ್ಲ, ಇದೇ ಅದು. ಒಬ್ಬರ ಕೊನೇ ನಂಬರ್ ಬಂದ್ರೆ ಉಳಿದೋರು ದೂರ ನಿಲ್ಲೋದು ಗ್ರೂಪಿನ ಮರ್ಯಾದೆ. ಇದನ್ನ ನಾವು ಸ್ನೇಹ ಅಂತ್ಲೇ ತಿಳ್ಕೊಂಡಿದ್ವಿ, ಸ್ನೇಹವೇ ಹೌದು. ಮಗಳು ಫೋನಲ್ಲಿ ಅಡ್ಮಿನ್‌ಗೆ ಕೇಳಿದ್ದು ಒಂದೇ ಪ್ರಶ್ನೆ, ನೀವು ನೀವು ಹೊಂದಾಣಿಕೆ ಮಾಡ್ಕೊಂಡ್ರೆ ಅದಕ್ಕೆ ಹರಾಜು ಅಂತ ಯಾಕೆ ಕರೀತೀರಾ.

ಈ ಪ್ರಶ್ನೆ ಗ್ರೂಪಿಗೆ ಬಂದಾಗ ಬಹಳ ಜನಕ್ಕೆ ಕೋಪ ಬಂತು. ನಾವೇನು ಟೆಂಡರ್ ಮಾಫಿಯಾನಾ ಅಂದ್ರು. ಇಬ್ಬರು ಗ್ರೂಪ್ ಬಿಟ್ರು, ಒಬ್ರು ವಾಪಸ್ ಬಂದ್ರು. ಮೂರು ವಾರದ ರೇಟಿನ ವ್ಯತ್ಯಾಸ ಎಲ್ಲಾ ಇದರಿಂದಲೇ ಅಂತ ನಾನು ಹೇಳಲ್ಲ, ಬುಕ್ಕುಗಳೂ ಬೇರೆ ಬೇರೆ, ಎರಡನೇ ವಾರದ ಹೊತ್ತಿಗೆ ಪೆಟ್ಟಿಗೆ ಸುದ್ದಿ ಬೆಂಗಳೂರಿಗೂ ಮುಟ್ಟಿತ್ತು, ಜನ ಜಾಸ್ತಿ ಆಗಿದ್ರು. ಆದ್ರೂ ಒಂದಂತೂ ನಿಜ. ನಾವು ಒಬ್ಬರಿಗೊಬ್ಬರು ತೋರಿಸ್ತಿದ್ದ ಔದಾರ್ಯದ ಖರ್ಚು ನಮ್ಮ ಜೇಬಿಂದ ಹೋಗ್ತಿರ್ಲಿಲ್ಲ, ಆ ಅಮ್ಮನ ಕೈಯಿಂದ ಹೋಗ್ತಿತ್ತು. ಗಂಡ ಐವತ್ತು ವರ್ಷ ಜೋಪಾನ ಮಾಡಿದ ಬುಕ್ಕು, ಅದಕ್ಕೆ ಸಿಗಬೇಕಾದ ಬೆಲೆ ಸಿಗ್ಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ರೂಲ್ಸ್ ಬದಲಾದಾಗ ಬಂದ ಸಿಟ್ಟಿನ ಹಿಂದೆ ಇದ್ದಿದ್ದೂ ಇದೇ ಅಂತ ಈಗ ಅನ್ಸುತ್ತೆ. ಫಿಕ್ಸ್ ಟೈಮ್ ಇದ್ದಾಗ ಈ ಮರ್ಯಾದೆ ಸಲೀಸಾಗಿ ನಡೀತಿತ್ತು. ಎಕ್ಸ್‌ಟೆನ್ಷನ್ ಬಂದಾಗ ಯೋಚನೆ ಮಾಡೋಕೆ ಐದು ನಿಮಿಷ ಸಿಕ್ತು, ಆಸೆ ಗೆಲ್ತು, ಬಿಟ್ಕೊಡ್ತೀನಿ ಅಂದೋರೂ ಮತ್ತೆ ಕೂಗಿದ್ರು. ಗುಟ್ಟಿನ ಬಿಡ್ ಬಂದಾಗ ಯಾರಿಗೆ ಬಿಟ್ಕೊಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ, ಎಲ್ಲರೂ ತಮ್ಮ ಪೂರ್ತಿ ಬೆಲೆ ಹಾಕಿದ್ರು. ಊಟ, ನಿದ್ದೆ, ಸಿಗ್ನಲ್ಲು ಅಂತ ನಾವು ಹೇಳ್ಕೊಂಡ ಕಾರಣಗಳೂ ನಿಜಾನೇ, ಅದರ ಜೊತೆ ಇದೂ ಇತ್ತು.

ಹೊರದೇಶದಲ್ಲಿ ಇದು ಕೋಟಿಗಳ ವ್ಯವಹಾರ. 2014ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸ್ಕೊಂಡ 1938ರ ಪತ್ರಿಕೆಯ ಒಂದು ಪ್ರತಿ ಇಬೇದಲ್ಲಿ 32 ಲಕ್ಷ ಡಾಲರಿಗೆ ಹೋಯ್ತು, 2024ರಲ್ಲಿ ಅದರದೇ ಇನ್ನೊಂದು ಪ್ರತಿ ಹೆರಿಟೇಜ್ ಅನ್ನೋ ಹರಾಜು ಕಂಪನೀಲಿ 60 ಲಕ್ಷ ಡಾಲರಿಗೆ. ಅಂಥ ಕಡೆ ಕೊಳ್ಳೋರಿಗೂ ಮಾರೋರಿಗೂ ಪರಿಚಯವೇ ಇರಲ್ಲ, ನಮ್ಮ ತೊಂದ್ರೆ ಅವರಿಗೆ ಬರೋದು ಕಮ್ಮಿ. ಸಣ್ಣ ಊರಿನ ಸಣ್ಣ ಗ್ರೂಪಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಮಾರೋರನ್ನ ಬಿಟ್ಟು.

ಈಗ ನಡೀತಿರೋದು ಹೀಗೆ. ಹೆಸರು ಕಾಣೋ ಬಹಿರಂಗ ಹರಾಜೇ, ಆದ್ರೆ ಸಂಜೆ ಆರಕ್ಕೆ ಕ್ಲೋಸಿಂಗ್ ಶುರು, ಮೂರು ನಿಮಿಷದ ಎಕ್ಸ್‌ಟೆನ್ಷನ್, ಐವತ್ತರ ಮೆಟ್ಟಿಲು, ಊಟದ ಹೊತ್ತಿಗೆ ಮುಗಿದಿರುತ್ತೆ. ತಿದ್ದಿದ್ರೆ, ಡಿಲೀಟ್ ಮಾಡಿದ್ರೆ ಬಿಡ್ ರದ್ದು. ಅವತ್ತಿನ ಹರಾಜು ನಡೆಸೋ ಅಡ್ಮಿನ್ ಅವತ್ತು ಕೊಳ್ಳೋಹಾಗಿಲ್ಲ. ಸೆಕೆಂಡ್ ಶಿಫ್ಟಲ್ಲಿ ಫೋನ್ ಮುಟ್ಟಕ್ಕಾಗ್ದೇ ಇರೋ ಹುಡುಗ್ರು ತಮ್ಮ ಮ್ಯಾಕ್ಸಿಮಮ್ಮನ್ನ ಒಬ್ಬ ಗೆಳೆಯನ ಹತ್ರ ಹೇಳಿಟ್ಟು ಅವನ ಕೈಲಿ ಕೂಗಿಸ್ಬಹುದು, ಇದು ಅಷ್ಟು ಚೆನ್ನಾಗಿ ನಡೀತಿಲ್ಲ, ಇದಕ್ಕೆ ಇನ್ನೂ ದಾರಿ ಹುಡುಕ್ಬೇಕು. "ನಿಮ್ಗೆ ಬಿಟ್ಟಿದೀನಿ" ಅನ್ನೋ ಮೆಸೇಜು ಹರಾಜು ನಡೀವಾಗ ಹಾಕೋಹಾಗಿಲ್ಲ. ಬಿಟ್ಕೊಡ್ಬೇಕು ಅನ್ಸಿದ್ರೆ ಗೆದ್ದು, ದುಡ್ಡು ಕಟ್ಟಿ, ಆಮೇಲೆ ಕೊಡಿ. ಫ್ಯಾಕ್ಟರಿ ಹುಡುಗ ಅದನ್ನೇ ಮಾಡಿದ, ಮೇಷ್ಟ್ರಿಗೆ ಬೇಕಿದ್ದ ಇನ್ನೊಂದು ನಂಬರನ್ನ ತಾನೇ ಪೂರ್ತಿ ಬೆಲೆಗೆ ಗೆದ್ದು, ಮೇಷ್ಟ್ರ ಹತ್ರ ಎರಡೆರಡಿದ್ದ ಒಂದು ಬಹಾದೂರ್ ತಗೊಂಡು ತಾನು ಗೆದ್ದಿದ್ದನ್ನ ಅವರಿಗೆ ಕೊಟ್ಟ.

ಟ್ರಂಕಿನ ತಳದಲ್ಲಿ ಇನ್ನೂ ಒಂದಷ್ಟು ಇವೆ, ಹೆಚ್ಚಾಗಿ ಅಮರ ಚಿತ್ರ ಕಥೆ. ಅದನ್ನೂ ಇಲ್ಲೇ ಮಾರ್ತೀವಿ ಅಂತ ಅಮ್ಮ ಮಗಳು ಒಪ್ಕೊಂಡಿದಾರೆ, ಎರಡು ಷರತ್ತು ಹಾಕಿದಾರೆ. ಪ್ರತಿ ಬುಕ್ಕಿನ ಶುರು ಬೆಲೆ ಅವರೇ ಹೇಳ್ತಾರೆ. ಮಗಳನ್ನ ಗ್ರೂಪಿಗೆ ಸೇರಿಸ್ಬೇಕು, ಯಾರು ಎಷ್ಟು ಕೂಗಿದ್ರು ಅಂತ ಅವರಿಗೂ ಕಾಣ್ಬೇಕು. ಹೋದ ವಾರ ಸೇರಿಸಿದೀವಿ.